ಆರು ತಿಂಗಳ ಲೆಕ್ಕ ನಮ್ಮಂತವರಿಗೆ ಕೂಡಿ ಬರಲ್ಲ: ನನ್ನ ಅನುಭವ

ನಂದು ಅಂಕೋಲಾ ಕಡೆ, ಸ್ವಂತ ಪಿಕಪ್ ಇದೆ, ಮೀನಿನ ಬಾಡಿಗೆ. ತುರ್ತಿಗೆ ಅಂತ ಆರು ತಿಂಗಳ ಸಂಬಳ ಎತ್ತಿಡು ಅಂತ ಎಲ್ಲರೂ ಹೇಳ್ತಾರೆ, ಸಂಬಳವೇ ಇಲ್ಲದವನು ಎಂತ ಎತ್ತಿಡೋದು? ಬಂಗಡೆ ಜೋರು ಬಿದ್ದ ತಿಂಗಳು 50 ಸಾವಿರ, ಜೂನ್ ಜುಲೈ ಬೋಟು ಬಂದ್ ಆದ್ರೆ ಡೀಸೆಲ್ ಕಾಸೂ ಇಲ್ಲ.

ಮೊದಲು ಮಾಡಿದ ತಪ್ಪು ಅಲ್ಲೇ. ಆ 61 ದಿನದ ಮೀನುಗಾರಿಕೆ ನಿಷೇಧಕ್ಕೆ ತುರ್ತು ದುಡ್ಡನ್ನೇ ತಿಂತಿದ್ದೆ. ಪ್ರತಿ ವರ್ಷ ಜೂನ್ 1ಕ್ಕೆ ಬರೋದು ಎಂತ ತುರ್ತು ಮಾರಾಯ್ರೆ, ಅದು ಗೊತ್ತಿರೋ ಖರ್ಚು! ಈಗ ಅದಕ್ಕೆ ಬೇರೆ ಖಾತೆ, ಆಗಸ್ಟಿಂದ ಮೇ ತನಕ ವಾರಕ್ಕೆ 2 ಸಾವಿರದ ಹಾಗೆ ಹಾಕಿದ್ರೆ 85 ಸಾವಿರದ ಹತ್ರ ಆಗ್ತದೆ, ಮಳೆಗಾಲ ಕಳೀತದೆ, ಮಕ್ಕಳ ಪಟ್ಟಿ ಪುಸ್ತಕವೂ ಬರ್ತದೆ.

ಎರಡನೇ ಪೆಟ್ಟು 2020. ಲಾಕ್‌ಡೌನಲ್ಲಿ ಕಂತು ಮುಂದೂಡಿದ್ರು ಅಂತ ಖುಷಿಯಲ್ಲಿ ಆರು ತಿಂಗಳು ಕಟ್ಟಲಿಲ್ಲ, ಬಡ್ಡಿ ನಿಂತಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು, ಕೊನೆಗೆ ಒಂದೆರಡು ಕಂತು ಜಾಸ್ತಿಯೇ ಬಿತ್ತು. 2022ರಲ್ಲಿ ಭಾವ ಹೇಳಿದ್ರು ಅಂತ ಕೈಲಿದ್ದ 60 ಸಾವಿರ ತಗೊಂಡೋಗಿ ಗಾಡಿ ಸಾಲಕ್ಕೆ ಕಟ್ಟಿದೆ, ತಿಂಗಳೊಳಗೆ ಗೇರ್‌ಬಾಕ್ಸ್ ಹೋಯ್ತು, ಕಟ್ಟಿದ ದುಡ್ಡು ವಾಪಸ್ ಕೊಡು ಅಂದ್ರೆ ಯಾರು ಕೊಡ್ತಾರೆ, ತಿಂಗಳಿಗೆ ನೂರಕ್ಕೆ ಮೂರು ಬಡ್ಡಿಯ ಕೈಸಾಲ ತಂದೆ.

ಆವಾಗ ಹಳೆ ಡೈರಿ ತೆಗೆದು ಕೂತೆ. 2018ರಿಂದ ಇದ್ದಕ್ಕಿದ್ದ ಹಾಗೆ ಬಂದ ಖರ್ಚು ಹತ್ತೋ ಹನ್ನೊಂದೋ ಸಿಕ್ತು, ಅರ್ಧಕ್ಕೂ ಹೆಚ್ಚು ಆಸ್ಪತ್ರೆದೇ. ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳೋದು ಬೇಡ, ಸ್ವಲ್ಪ ದೊಡ್ಡ ಕಾಯಿಲೆ ಆದ್ರೆ ಮಣಿಪಾಲ ಇಲ್ಲಾ ಹುಬ್ಬಳ್ಳಿ ಆಸ್ಪತ್ರೆಗೇ ಓಡ್ಬೇಕು. ಆಂಬುಲೆನ್ಸು, ಅಡ್ವಾನ್ಸು, ಜೊತೆಗೆ ಹೋದವರ ರೂಮು ಊಟ ಸೇರಿ ಮೊದಲ ಮೂರು ದಿನಕ್ಕೇ 80 ಸಾವಿರ. ಗಾಡಿ ಅತಿ ಹೆಚ್ಚು ನಿಂತಿದ್ದು ಎರಡೂವರೆ ತಿಂಗಳು, ಆಗ ತಿಂಗಳಿಗೆ ಬರೀ ಗಂಜಿ ಖರ್ಚು 17 ಸಾವಿರ, ಕಂತು 13 ಸಾವಿರ, ಎರಡೂವರೆ ತಿಂಗಳಿಗೆ ಒಟ್ಟು 75 ಸಾವಿರ. ಇವೆರಡೂ ಒಟ್ಟಿಗೇ ಬಂದ್ರೆ? 1 ಲಕ್ಷ 55 ಸಾವಿರ. ನಾನು 1.60 ಲಕ್ಷದ ಗುರಿ ಮಾಡಿದೆ. ತುಂಬಿಸಲಿಕ್ಕೆ ಒಂದೂವರೆ ವರ್ಷ ಹಿಡೀತು. "ಹನ್ನೊಂದು ಪರ್ಸೆಂಟ್ ಸಾಲ ಇಟ್ಕೊಂಡು ಮೂರು ಪರ್ಸೆಂಟಿಗೆ ದುಡ್ಡು ಕೊಳೆಸ್ತೆಯಲ್ಲ" ಅಂತ ಭಾವ ಪ್ರತಿ ಹಬ್ಬಕ್ಕೂ ನಗಾಡಿದ್ರು.

ನಡುವೆ ಲಿಕ್ವಿಡ್ ಫಂಡೂ ನೋಡಿದೆ, ಬೇಗ ವಾಪಸ್ ತೆಗೀಬಹುದಾದ ಒಂದು ಬಗೆ ಮ್ಯೂಚುವಲ್ ಫಂಡು. ಕೂಡ್ಲೇ ಬರೋದು ದಿನಕ್ಕೆ 50 ಸಾವಿರದ ಮಿತಿ, ಬಾಕಿದು ಕೆಲಸದ ದಿನ ನೋಡ್ಕೊಂಡೇ ಬರ್ತದೆ, ನನಗೆ ಒಗ್ಗಲಿಲ್ಲ. ಮನೇಲಿ ಅಕ್ಕಿ ಡಬ್ಬದಲ್ಲಿ 20 ಸಾವಿರ ಇಟ್ಟಿದ್ದೆ, ಆಷಾಢದಲ್ಲಿ ನೋಟೆಲ್ಲ ಬೂಸ್ಟು ಹಿಡಿದು ಹೆಂಡತಿ ಒಲೆ ಮೇಲೆ ಒಣಗಿಸಿದ್ಲು. ಈಗ 15 ಸಾವಿರ ನಗದು, ಪ್ಲಾಸ್ಟಿಕ್ ಕವರಲ್ಲಿ. 45 ಉಳಿತಾಯ ಖಾತೆಲಿ. ಲಕ್ಷವನ್ನ 25 ಸಾವಿರದ ನಾಲ್ಕು ಎಫ್‌ಡಿ ಮಾಡಿದೆ, ಒಂದು ಮುರಿದ್ರೆ ಉಳಿದ ಮೂರರ ಬಡ್ಡಿ ಹೋಗಲ್ಲ.

2024 ಜುಲೈ 16, ನಮ್ಮ ಅಂಕೋಲಾ ಹತ್ರದ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸೀತು. ಬೋಟು ಬಂದ್ ಇದ್ದ ಕಾಲ, ನಾನು ಕುಮಟಾ ಕಡೆ ತರಕಾರಿ ಬಾಡಿಗೆ ಹೊಡೀತಿದ್ದೆ, ಅದೂ ನಿಂತಿತು. ಆ ವಾರವೇ ಅಮ್ಮನಿಗೆ ಎದೆನೋವು. ಮಣಿಪಾಲದ ದಾರಿ ಮುಚ್ಚಿತ್ತು, ಯಲ್ಲಾಪುರ ಮೇಲೆ ಹುಬ್ಬಳ್ಳಿಗೆ 140 ಕಿ.ಮೀ. ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಫೋನಲ್ಲಿ ದುಡ್ಡು ಹೋಗ್ಲೇ ಇಲ್ಲ, ಆಂಬುಲೆನ್ಸಿನವನಿಗೆ ಕೊಟ್ಟದ್ದು ಆ ಪ್ಲಾಸ್ಟಿಕ್ ಕವರಿನ ನೋಟೇ. ಮೀನು ಶುರು ಆಯ್ತು ಅನ್ನೋ ಹೊತ್ತಿಗೆ ಆಗಸ್ಟ್ 7ಕ್ಕೆ ಗೋವಾ ದಾರಿಲಿ ಕಾರವಾರದ ಕಾಳಿ ನದಿ ಹಳೆ ಸೇತುವೆ ಬಿತ್ತು, ಗೋವಾ ಟ್ರಿಪ್ ಒಂದೆರಡು ಕೈತಪ್ಪಿತು. ಎಲ್ಲ ಕಳೆದು 45 ಸಾವಿರ ಉಳೀತು. ಕೈಸಾಲ ಒಂದು ರೂಪಾಯಿ ಇಲ್ಲ, ಕಂತು ಒಂದೂ ತಪ್ಪಲಿಲ್ಲ.

ಅಮ್ಮ ಈಗ ಆರಾಮಿದ್ದಾರೆ. ನಾಲ್ಕರಲ್ಲಿ ಮೂರು ಎಫ್‌ಡಿ ಮತ್ತೆ ತುಂಬಿದೆ, ಕೊನೇದು ಬಾಕಿ. ಭಾವ ಚೌತಿಗೆ ಬಂದಾಗ ನಗಾಡಲಿಲ್ಲ, ಡೈರಿ ಒಮ್ಮೆ ಕೊಡು ಅಂದ್ರು.