ಅಖುನಿಯನ್ನು ಎಲೆಯಲ್ಲೇ ಕಟ್ಟಿ

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಅಖುನಿ, ಅಂದರೆ ನಾಗಾಗಳ ಹುದುಗಿಸಿದ ಸೋಯಾ ಕಾಳು, ಮಾಡಲು ಹೊರಟ ನಾಗಾ ಹುಡುಗ ಹುಡುಗಿಯರನ್ನೂ, ಅವರಿಂದ ಆ ರುಚಿ ಹತ್ತಿಸಿಕೊಂಡ ನಮ್ಮ ಕನ್ನಡದ ಮಕ್ಕಳನ್ನೂ ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಬೇಯಿಸಿದ ಸೋಯಾ ಕಾಳನ್ನು ಪ್ಲಾಸ್ಟಿಕ್ ಡಬ್ಬಿಗೆ ಸುರಿದು, ಮುಚ್ಚಳವನ್ನು ಬಿಗಿದು, ಮನೆಯ ಮಾಲೀಕರಿಗೆ ವಾಸನೆ ತಗಲಬಾರದೆಂದು ಮೇಲೊಂದು ಚೀಲವನ್ನೂ ಸುತ್ತಿ ಮಂಚದ ಕೆಳಗೆ ತಳ್ಳುತ್ತಾರೆ. ನಾಲ್ಕನೆಯ ದಿನ ತೆರೆದಾಗ ಅಲ್ಲಿರುವುದು ಬರೀ ಕೊಳೆತ ಕಾಳು. ಅಷ್ಟಾದ ಮೇಲೆ, ಅಖುನಿಯೆಂದರೆ ಹೀಗೇ ನಾರುವುದು ಎಂದು ವಾದಿಸುತ್ತಾರೆ. ಚೆನ್ನಾಗಿ ಹುದುಗಿದ ಅಖುನಿಗೆ ಗಾಢವಾದ, ಸ್ವಲ್ಪ ಘಾಟಿನ ವಾಸನೆ ಇರುತ್ತದೆಯೇ ಹೊರತು ಕೊಳಚೆಯ ನಾತ ಎಂದಿಗೂ ಇರುವುದಿಲ್ಲ.

ಯಜಮಾನರ ನೌಕರಿಯ ನೆಪದಲ್ಲಿ ನಾವು ನಾಗಾಲ್ಯಾಂಡಿನ ಜುನ್ಹೆಬೊಟೊದಲ್ಲಿದ್ದೆವು. ಅದು ಸುಮಿ ನಾಗಾಗಳ ಸೀಮೆ, ಅಖುನಿಯೂ ಅವರದೇ ಕೈಚಳಕ. ಮಣಿಪುರದ ಹವೈಜಾರ್, ಮೇಘಾಲಯದ ತುಂಗ್ರಿಂಬಾಯಿ, ಸಿಕ್ಕಿಮಿನ ಕಿನೆಮಾ ಎಲ್ಲವೂ ಇದರ ದಾಯಾದಿಗಳೇ. ಅಲ್ಲಿನ ಅಡುಗೆಮನೆಯ ನಡುವೆ ಸೌದೆಯ ಒಲೆ, ಒಲೆಯ ಮೇಲೆ ಸೂರಿನಿಂದ ತೂಗುಬಿಟ್ಟ ಬಿದಿರಿನ ಅಟ್ಟ. ಹೊಗೆಯಾಡಿಸಿದ ಮಾಂಸ, ಒಣಮೆಣಸು, ಕಾಡು ಕಡಿದು ಸುಟ್ಟು ಮಾಡುವ ಝೂಮ್ ಬೇಸಾಯದ ಮುಂದಿನ ಬಿತ್ತನೆಗೆ ಎತ್ತಿಟ್ಟ ಬೀಜ, ಎಲೆಯಲ್ಲಿ ಕಟ್ಟಿದ ಅಖುನಿಯ ಪೊಟ್ಟಣ, ಎಲ್ಲಕ್ಕೂ ಅಲ್ಲೇ ಜಾಗ. ಆ ಅಟ್ಟದ ಕಾವಿಗೆ ಆತುರವೆಂಬುದೇ ಇಲ್ಲ. ನಮ್ಮ ಮಕ್ಕಳಿಗೆ ಅರ್ಥವಾಗದಿರುವುದೂ ಅದೇ.

ಕಾಳು ನೆನೆಸುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ದಪ್ಪ ಕಾಳಿಗಿಂತ ಸಣ್ಣ ಕಾಳು ಒಳ್ಳೆಯದು. ರಾತ್ರಿಯಿಡೀ ನೆನೆದದ್ದನ್ನು, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಅಡ್ಡಿಯಿಲ್ಲದೆ ಅಪ್ಪಚ್ಚಿಯಾಗುವಷ್ಟು ಬೇಯಿಸಿ, ನೀರನ್ನು ಪೂರ್ತಿಯಾಗಿ ಬಸಿಯಬೇಕು. ಉಪ್ಪು ಬೇಡ, ಹೆಪ್ಪೂ ಬೇಡ. ಬೆಂದ ಮೇಲೆ ತಣ್ಣೀರಿನಲ್ಲಿ ತೊಳೆಯುವ ಅತಿಶುಚಿಯಂತೂ ಬೇಡವೇ ಬೇಡ.

ಇನ್ನು ಎಲೆಯ ವಿಷಯ. ನೆರೆಮನೆಯ ಸುಮಿ ಅಜ್ಜಿ ನನಗೆ ಕಲಿಸಿದ ಈ ಒಂದು ಕೆಲಸದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವವಳಲ್ಲ. ತೀರಾ ಎಳೆಯದೂ ಅಲ್ಲದ, ಅಂಚು ಹಳದಿಗೆ ತಿರುಗದ ಬಾಳೆಲೆಯನ್ನು ತಂದು, ನಡುದಿಂಡನ್ನು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಸಣ್ಣ ಉರಿಯ ಮೇಲೆ ಎರಡು ಕೈಯಲ್ಲೂ ಹಿಡಿದು ನಿಧಾನವಾಗಿ ಜಾರಿಸುತ್ತಾ ಬಾಡಿಸಬೇಕು. ಎಲೆಯ ಮಂಕು ಹೋಗಿ ಎಣ್ಣೆ ಸವರಿದಂತೆ ಹೊಳಪು ಬಂದ ಗಳಿಗೆಯಲ್ಲೇ ಉರಿಯಿಂದ ತೆಗೆಯಬೇಕು. ಕಪ್ಪು ಚುಕ್ಕೆ ಬಿದ್ದರೆ ಅದನ್ನು ಆಚೆಗಿಟ್ಟು ಇನ್ನೊಂದು ತನ್ನಿ. ಎರಡು ಎಲೆಗಳನ್ನು ಒಂದರ ಗೆರೆಗೆ ಇನ್ನೊಂದರ ಗೆರೆ ಅಡ್ಡ ಬರುವಂತೆ ಬಿದಿರಿನ ಬುಟ್ಟಿಯಲ್ಲಿ ಹಾಸಿ, ಕೈಗೆ ಹಿತವಾಗುವಷ್ಟು ಬಿಸಿಯಿರುವಾಗಲೇ ಕಾಳನ್ನು ಹರವಬೇಕು. ಆರಿದ ಮೇಲೆ ಹರವಿದರೆ ಕೆಲಸ ಕೆಟ್ಟಿತು. ಅಂಗೈಯಿಂದ ಅದುಮದೆ, ಎಲೆಯ ತುದಿಗಳನ್ನು ಮೇಲೆ ಮಡಚಿ, ಮಡಿಕೆಯ ಸಂದುಗಳಲ್ಲಿ ಗಾಳಿ ಸುಳಿಯುವಷ್ಟು ಸಡಿಲ ಬಿಡಬೇಕು. ಕಾಳನ್ನು ಹುದುಗಿಸುವ ಬ್ಯಾಸಿಲಸ್ ಜಾತಿಯ ಸೂಕ್ಷ್ಮಜೀವಿಗೆ ಕಾವಿನಷ್ಟೇ ಗಾಳಿಯೂ ಬೇಕು, ಡಬ್ಬಿ ಮುಚ್ಚುವವರು ಕಸಿದುಕೊಳ್ಳುವುದು ಅದನ್ನೇ. ನಾನು ಅವಸರದಲ್ಲಿ ಮಡಚಿದಾಗಲೆಲ್ಲ ಆ ಅಜ್ಜಿ ಮಾತಿಲ್ಲದೆ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ಫ್ಲ್ಯಾಟಿನಲ್ಲಿ ಅಟ್ಟವಿರುವುದಿಲ್ಲ, ಗೊತ್ತು. ಗ್ಯಾಸ್ ಒಲೆಯಿಂದ ತುಸು ದೂರದ ಬೆಚ್ಚನೆಯ ಶೆಲ್ಫಿನಲ್ಲಿಟ್ಟು ಹಳೆಯ ಹತ್ತಿ ಬಟ್ಟೆ ಹೊದಿಸಿ. ಬೇಸಗೆಯಲ್ಲಿ ಮೂರು ನಾಲ್ಕು ದಿನ, ಚಳಿಗಾಲದಲ್ಲಿ ವಾರದವರೆಗೂ ಕಾಯಬೇಕಾದೀತು. ಹತ್ತಿ ಬಟ್ಟೆ ಎಂದೆ, ಶಾಲು ಎನ್ನಲಿಲ್ಲ. ಸೊಂಟಮಗ್ಗದಲ್ಲಿ ನೇಯ್ದ ನಾಗಾ ಶಾಲನ್ನು ಹುದುಗಿನ ಬುಟ್ಟಿಗೆ ಹೊದಿಸಿ, ಆಮೇಲೆ ವಾಸನೆ ಹೋಗಲೆಂದು ವಾಷಿಂಗ್ ಮೆಷಿನ್ನಿಗೆ ಹಾಕುವ ಮಹಾರಾಯಿತಿಯರಿದ್ದಾರೆ. ಆ ಮಗ್ಗದಲ್ಲಿ ಅಗಲ ಕಡಿಮೆಯಾದ್ದರಿಂದ ಪಟ್ಟಿಗಳನ್ನು ಬೇರೆ ಬೇರೆಯಾಗಿ ನೇಯ್ದು ಜೋಡಿಸಿ ಹೊಲಿದಿರುತ್ತಾರೆ. ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಆ ಹೊಲಿಗೆ ಸುಕ್ಕುಗಟ್ಟುತ್ತದೆ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ ನೆರಳಿನಲ್ಲಿ ಹರವಿದರೆ ಸಾಕು.

ಕಾಳಿನ ಮೇಲೆ ಬಿಳಿಯ ಲೋಳೆ ಕಟ್ಟಿ, ಎರಡು ಕಾಳುಗಳನ್ನು ಬಿಡಿಸಿದರೆ ಸಣ್ಣ ಎಳೆ ಎದ್ದರೆ ಆಯಿತೆಂದು ತಿಳಿಯಿರಿ. ಹಸಿರೋ ಕಪ್ಪೋ ಬೂಸ್ಟು ಕಂಡರೆ ಮೇಲಿನದನ್ನು ಕೆರೆದು ಉಳಿದದ್ದನ್ನು ಉಳಿಸಿಕೊಳ್ಳುವ ಜಿಪುಣತನ ಮಾಡದೆ ಪೂರ್ತಿ ಚೆಲ್ಲಿಬಿಡಿ. ಆದದ್ದನ್ನು ಒರಳಿನಲ್ಲಿ ಅರೆಬರೆಯಾಗಿ ಕುಟ್ಟಿ, ಮುಷ್ಟಿಯಷ್ಟನ್ನು ಮತ್ತೆ ಬಾಡಿಸಿದ ಎಲೆಯಲ್ಲಿ ಕಟ್ಟಬೇಕು. ಹಳ್ಳಿಯಲ್ಲಾದರೆ ಈ ಪೊಟ್ಟಣ ಒಲೆಯ ಹೊಗೆಯಲ್ಲಿ ಒಣಗಿ ವಾರಗಟ್ಟಲೆ ಬಾಳುತ್ತದೆ. ಹೊಗೆಯಿಲ್ಲದವರು ಸಣ್ಣ ಬಿಲ್ಲೆ ತಟ್ಟಿ ಚುರುಕು ಬಿಸಿಲಿನಲ್ಲಿ ಒಣಗಿಸಿಕೊಳ್ಳಿ.

ಹಸಿಯಾಗಿ ತಿನ್ನುವ ಸಾಹಸ ಬೇಡ. ಹೊಗೆಯಾಡಿಸಿದ ಹಂದಿಮಾಂಸದೊಡನೆ ಕುದಿಸುವುದು ಅಲ್ಲಿನ ರೂಢಿ. ಮಾಂಸ ಮುಟ್ಟದವರು ಪೊಟ್ಟಣವನ್ನು ಎಲೆಸಮೇತ ಕೆಂಡದ ಮೇಲೆ ಸುಟ್ಟು, ಸುಟ್ಟ ಟೊಮೆಟೊ, ಬೆಳ್ಳುಳ್ಳಿ, ಉಪ್ಪಿನೊಡನೆ ಚಟ್ನಿ ಕುಟ್ಟಿಕೊಂಡರೆ ಬಿಸಿ ಅನ್ನಕ್ಕೆ ಬೇರೇನೂ ಬೇಡ. ಖಾರಕ್ಕೆ, 2008ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಾಗಾ ರಾಜಮಿರ್ಚ ಸಿಕ್ಕಿದರೆ ಉಗುರಿನಷ್ಟು ಚೂರು ಸಾಕು. ಅದನ್ನು ಬರಿಗೈಯಲ್ಲಿ ಸೀಳಿ, ಅದೇ ಕೈಯಿಂದ ಕಣ್ಣುಜ್ಜಿಕೊಂಡವರು ನನ್ನ ಹತ್ತಿರ ಅಳುತ್ತಾ ಬರಬೇಡಿ.