ಹುಲಗು ಖಾನನ ವಂಶವೃಕ್ಷ: ತಾಯಂದಿರ ಕಡೆಯಿಂದ ಬರೆದೆ, ಕೂತಿತು

ಹುಲಗು ಖಾನನಿಂದ ಶುರುವಾಗಿ ಇರಾನನ್ನು ಆಳಿದ ಮಂಗೋಲ್ ದೊರೆಮನೆ ಇಲ್ಖಾನರ ವಂಶವೃಕ್ಷ ಬರೆಯಲು ಕೂತವರಿಗೆ ಗೊತ್ತಿರುತ್ತದೆ, ಎರಡನೇ ತಲೆಮಾರಿಗೇ ಗೆರೆಗಳು ಸಿಕ್ಕಾಗುತ್ತವೆ. ಅಪ್ಪಂದಿರ ಸಾಲು ಬಿಟ್ಟು ರಾಣಿಯರ ಬಿಡಾರಗಳಿಂದ (ಒಬ್ಬೊಬ್ಬ ರಾಣಿಯದೂ ಬೇರೆ ಬೇರೆ ಮನೆತನದ ಬೀಡು) ಶುರು ಮಾಡುತ್ತೇನೆ ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. ಪಟ್ಟ ಅಪ್ಪನ ಕಡೆಯಿಂದ ಬರುವುದಲ್ವಾ, ಸುಮ್ನೆ ಯಾಕೆ ತಲೆಕೆಳಗು ಮಾಡುತ್ತೀ ಅಂದರು. ಈಗ ಆರೇಳು ಅಡಿ ಬಟ್ಟೆಯ ಮೇಲೆ ಚೆಂಗೀಸ್ ಖಾನನ ಮಗ, ಹುಲಗುವಿನ ಅಪ್ಪ ತೊಲುಯಿಯಿಂದ ಹುಲಗುವಿನ ಮರಿಮಗ ಘಾಜಾನ್ ಖಾನನವರೆಗೆ ಎಲ್ಲರೂ ಕೂತಿದ್ದಾರೆ. ಒಂದು ದಾರವೂ ಯಾರ ಹೆಸರನ್ನೂ ಮುಚ್ಚಿಲ್ಲ. ಇಷ್ಟು ಚೊಕ್ಕವಾದ ಪಟ ನಾನಂತೂ ಬೇರೆಲ್ಲೂ ನೋಡಿಲ್ಲ.

ಮೊದಲು ದುಡ್ಡಿನ ಮಾತು. ವಂಶವೃಕ್ಷದ ಸಾಫ್ಟ್‌ವೇರಿಗೆ ವರ್ಷಕ್ಕೆ ಎರಡೂವರೆ ಸಾವಿರದ ಹತ್ತಿರ ಕಟ್ಟಿದೆ. ದೊಕುಜ್ ಖಾತೂನಳನ್ನು (ಖಾತೂನ್ ಅಂದರೆ ರಾಣಿ) ಸೇರಿಸಿದ ಕೂಡಲೇ ಅದು ಕೈಕೊಟ್ಟಿತು. ಅವಳು ಮೊದಲು ತೊಲುಯಿಯ ಹೆಂಡತಿ, ಅವನು ಸತ್ತ ಮೇಲೆ ಅವನ ಮಗ ಹುಲಗುವಿನ ಪಟ್ಟದರಸಿ. ಅಪ್ಪ ತೀರಿಕೊಂಡರೆ ಮಲತಾಯಂದಿರನ್ನು ಮಗ ಮದುವೆಯಾಗುವುದು ಮಂಗೋಲರ ವಾಡಿಕೆ; ಹೆತ್ತವಳನ್ನು ಮಾತ್ರ ಆಗುವಂತಿಲ್ಲ. ಸಾಫ್ಟ್‌ವೇರ್ ಇದನ್ನು ತಪ್ಪು ಅಂದಿತು, ಒಬ್ಬಳನ್ನೇ ಇಬ್ಬರನ್ನಾಗಿ ಮಾಡಿತು. ಆಮೇಲೆ ಫ್ಲೆಕ್ಸ್ ಹಾಕಿಸಿದೆ, ಏಳುನೂರು ರೂಪಾಯಿ ಇರಬೇಕು. ಒಂದು ಹೆಸರು ತಿದ್ದಬೇಕೆಂದರೆ ಮತ್ತೆ ಏಳುನೂರು. ಕೊನೆಗೆ ಕೈಹಿಡಿದದ್ದು ಕೋರಾ ಬಟ್ಟೆ, ರಟ್ಟಿನ ಚೀಟಿ, ಕಸೂತಿ ದಾರ. ಎಲ್ಲ ಸೇರಿ ನಾನೂರು ದಾಟಿಲ್ಲ.

ಪ್ರತಿ ರಾಣಿಯ ಬಿಡಾರಕ್ಕೆ ಒಂದು ಚೌಕ. ಮಕ್ಕಳು ತಾಯಿಯ ಚೌಕದೊಳಗೆ. ದಾರದ ಬಣ್ಣ ರಾಣಿಯ ತವರಿನದು. ಘಾಜಾನನ ಮಂತ್ರಿ ರಶೀದುದ್ದೀನ್ ಕೂಡ ತನ್ನ ಚರಿತ್ರೆಯ ಪುಸ್ತಕದಲ್ಲಿ ದೊರೆಗಳ ಮಕ್ಕಳನ್ನು ಬರೆಯುವಾಗ ತಾಯಿ ಯಾರು ಎಂದು ಹೇಳುತ್ತಾ ಹೋಗುತ್ತಾನೆ. ಅವನ ದಾರಿಯನ್ನೇ ಬಟ್ಟೆಗೆ ಇಳಿಸಿದೆ ಅಷ್ಟೆ.

ಕೆರೈತ್ ಕುಲದ ತವರಿಗೆ ಹಸಿರು. ಹುಲಗುವಿನ ತಾಯಿ ಸೊರ್ಘಘ್ತಾನಿ ಬೇಕಿ ಆ ಕುಲದ ಓಂಗ್ ಖಾನನ ತಮ್ಮನ ಮಗಳು, ದೊಕುಜ್ ಓಂಗ್ ಖಾನನ ಮೊಮ್ಮಗಳು. ಅತ್ತೆ ಸೊಸೆ ಇಬ್ಬರೂ ಒಂದೇ ಮನೆಯವರು. ತೊಲುಯಿಗೆ ಹತ್ತು ಗಂಡುಮಕ್ಕಳು. ಸೊರ್ಘಘ್ತಾನಿಯ ಚೌಕದಲ್ಲಿ ನಾಲ್ವರು: ಮೋಂಗ್ಕೆ, ಕುಬ್ಲಾಯ್, ಹುಲಗು, ಅರಿಕ್ ಬೋಕೆ. 1251ರಲ್ಲಿ ಮೋಂಗ್ಕೆ ಮಹಾಖಾನನಾಗಿ ತಮ್ಮ ಹುಲಗುವನ್ನು ಪಶ್ಚಿಮಕ್ಕೆ ಕಳಿಸಿದ. 1259ರಲ್ಲಿ ಮೋಂಗ್ಕೆ ಸತ್ತ ಮೇಲೆ ಕುಬ್ಲಾಯ್ ಮತ್ತು ಅರಿಕ್ ಬೋಕೆ 1264ರವರೆಗೆ ಹೊಡೆದಾಡಿದರು, ಹುಲಗು ಕುಬ್ಲಾಯ್ ಕಡೆ ನಿಂತ. ಅಷ್ಟು ದೊಡ್ಡ ರಾಜ್ಯದ ಜಗಳ ಪೂರ್ತಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರದು.

ಗೆಳೆಯರ ಬಾಯಿ ಕಟ್ಟಿಸಿದ್ದು ಹುಲಗುವಿನ ಇನ್ನೊಬ್ಬ ರಾಣಿ ಒಲ್ಜೈ ಖಾತೂನ್. 1265ರಲ್ಲಿ ಹುಲಗು ತೀರಿಕೊಂಡ, ಮಗ ಅಬಾಕ ಅವಳನ್ನು ಮದುವೆಯಾದ. ಅವಳ ಮಗ ಮೊಂಗು ತಿಮೂರ್ ಅಬಾಕನಿಗೆ ಮಲತಮ್ಮನೂ ಹೌದು, ಮಲಮಗನೂ ಹೌದು. ಅಪ್ಪನ ಸಾಲಿನಲ್ಲಿ ಬರೆದರೆ ಅವನಿಗೆ ಎರಡು ಗೆರೆ ಬೇಕು. ನನ್ನ ಪಟದಲ್ಲಿ ಹುಡುಗನ ಸಮೇತ ಚೌಕವನ್ನೇ ಅಬಾಕನ ಪಟ್ಟಿಗೆ ಸರಿಸಿದರೆ ಮುಗಿಯಿತು. 1282ರಲ್ಲಿ ಅಬಾಕ ಸತ್ತಾಗ ಪೈಪೋಟಿ ಎಲ್ಲಿಂದ ಬಂತು ಎನ್ನುವುದೂ ಕಾಣುತ್ತದೆ. ಹುಲಗುವಿನ ಮತ್ತೊಬ್ಬ ರಾಣಿ ಕುತುಯಿಯ ಚೌಕದಿಂದ ಅವಳ ಮಗ ತೆಗುದರ್, ಒಲ್ಜೈಯ ಚೌಕದಿಂದ ಮೊಂಗು ತಿಮೂರ್, ಇನ್ನೊಂದು ಕಡೆಯಿಂದ ಅಬಾಕನ ಮಗ ಅರ್ಘುನ್. ಮೊಂಗು ತಿಮೂರ್ ಬೇಗ ಸತ್ತ, ಒಲ್ಜೈ ಅರ್ಘುನನ ಕಡೆ ತಿರುಗಿದಳು. ಪಟ್ಟ ತೆಗುದರನಿಗೆ ಹೋಯಿತು, 1284ರಲ್ಲಿ ಅರ್ಘುನ್ ಅದನ್ನು ಕಿತ್ತುಕೊಂಡ.

ಕಷ್ಟ ಕೊಟ್ಟದ್ದು ದೊಕುಜಳ ಚೌಕ. ಅವಳ ನಂತರ ಬಿಡಾರ ಅವಳ ಸಂಬಂಧಿ ತುಕ್ತಾನಿಗೆ, ಅವಳ ನಂತರ ಕೊಕೊಚಿನ್‌ಗೆ. ಕೊಕೊಚಿನ್ ಕೆರೈತಳೇ ಅಲ್ಲ, ಬಯಾವುತ್ ಕುಲದವಳು. ಅರ್ಘುನನಿಗೆಂದು ಕುಬ್ಲಾಯ್ ಚೀನಾದಿಂದ ಕಳಿಸಿದ ಹುಡುಗಿ, ಮಾರ್ಕೊ ಪೋಲೊ ಬಂದದ್ದು ಅವಳ ಜೊತೆಗೇ. ಅವಳು ತಲುಪುವಷ್ಟರಲ್ಲಿ ಅರ್ಘುನ್ ಇರಲಿಲ್ಲ, ಮಗ ಘಾಜಾನ್ ಮದುವೆಯಾದ. ಹಸಿರು ಚೌಕಕ್ಕೆ ಬೇರೆ ಬಣ್ಣದ ದಾರವನ್ನು ಗಂಟು ಕಾಣದಂತೆ ಹೇಗೆ ಸೇರಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಜಾಸ್ತಿ ಬೆವರು ಸುರಿಸಿದ್ದೇನೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಚೆಂಗೀಸನ ಮಗಳು ಚೆಚೆಯಿಗೆನ್ ಒಯಿರಾತ್ ಕುಲದ ಮನೆಗೆ ಸೊಸೆಯಾಗಿ ಹೋದವಳು. ಅವಳ ಹೆಣ್ಣುಮಕ್ಕಳಿಗೆ ಮಾತ್ರ ಕೆಂಪು ದಾರ ಹಿಡಿದು ಹೊರಟೆ. ಗುಯುಕ್ ಖಾತೂನ್ ಹುಲಗುವಿನ ಮನೆಗೆ, ಒರ್ಘಿನ ಚೆಂಗೀಸನ ಇನ್ನೊಬ್ಬ ಮಗ ಚಗತಾಯಿಯ ಮನೆಗೆ. ಬಟ್ಟೆ ಸಾಲಲಿಲ್ಲ, ಪಕ್ಕಕ್ಕೆ ಇನ್ನೊಂದು ತುಂಡು ಹೊಲಿಸಬೇಕಾಯಿತು. ಮುಂದೆ ಆ ತುಂಡಿನಲ್ಲೇ ಬೈಜಾಂಟಿಯಮ್ ಚಕ್ರವರ್ತಿ ಎಂಟನೇ ಮಿಖಾಯಿಲನ ಮಗಳು ಮರಿಯಾಳನ್ನು ಕೂರಿಸಬೇಕು. ಅವಳೂ ಹುಲಗುವಿಗೆಂದು ಹೊರಟು ಅಬಾಕನ ಹೆಂಡತಿಯಾದವಳು.