ತಿಂದು ಬಿಸಾಡುವ ಸಿಂಪಿ ಚಿಪ್ಪಿನಿಂದ ದಡ ಉಳಿಸುವುದು ಹೇಗೆ

ನಾನಿರುವ ಅಮೆರಿಕದ ಸೌತ್ ಕ್ಯಾರೊಲಿನಾದ ಕರಾವಳಿಯಲ್ಲಿ ಚಳಿಗಾಲ ಬಂತೆಂದರೆ ಹಿತ್ತಲಲ್ಲಿ ಬೆಂಕಿ ಹಾಕಿ, ತಗಡಿನ ಮೇಲೆ ಸಿಂಪಿ (ಆಯ್ಸ್ಟರ್) ಸುರಿದು, ಒದ್ದೆ ಗೋಣಿಚೀಲ ಮುಚ್ಚಿ ಬೇಯಿಸುತ್ತಾರೆ. ಊಟ ಮುಗಿದ ಮೇಲೆ ರಾಶಿ ಚಿಪ್ಪು ಕಸದ ಗಾಡಿಗೆ ಹೋಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಸಿಂಪಿ ಮರಿ ಎರಡು ಮೂರು ವಾರ ನೀರಲ್ಲಿ ತೇಲಾಡಿ, ಗಟ್ಟಿ ಜಾಗ ಸಿಕ್ಕರೆ ಅಂಟಿಕೊಂಡು ಬದುಕುತ್ತದೆ, ಸಿಗದಿದ್ದರೆ ಸಾಯುತ್ತದೆ. ಅದಕ್ಕೆ ತುಂಬಾ ಇಷ್ಟವಾದ ಜಾಗ ಇನ್ನೊಂದು ಸಿಂಪಿಯ ಚಿಪ್ಪು. ಹೀಗೆ ಒಂದರ ಮೇಲೊಂದು ಕೂತು ದಿಬ್ಬವಾದರೆ ಅಲೆಯ ಜೋರು ತಗ್ಗುತ್ತದೆ, ಹಿಂದೆ ಕೆಸರು ನಿಲ್ಲುತ್ತದೆ, ಅದರಲ್ಲಿ ಹುಲ್ಲು ಹಬ್ಬಿ ದಡ ಹಿಡಿದುಕೊಳ್ಳುತ್ತದೆ.

ಮೊದಲು ಅನುಮತಿ. ಸುಮ್ನೆ ಹೋಗಿ ನೀರಿಗೆ ಚಿಪ್ಪು ಸುರಿಯಬೇಡಿ. ಇಲ್ಲಿ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯದ್ದೇ, ಚಿಪ್ಪು ಸಂಗ್ರಹಿಸಿ ಸಿಂಪಿ ದಿಬ್ಬ ಕಟ್ಟುವ 'ಸ್ಕೋರ್' ಕಾರ್ಯಕ್ರಮವಿದೆ, ಅದರ ಜೊತೆ ಸೇರಿ ಮಾಡಿ.

ಆಮೇಲೆ ಚಿಪ್ಪು ಸಂಗ್ರಹ. ಹೋಟೆಲಿನವರಿಗೆ ಬಕೆಟ್ ಕೊಟ್ಟು, ನಿಂಬೆಹೋಳು, ಟಿಶ್ಯೂ, ಪ್ಲಾಸ್ಟಿಕ್ ಸೇರದಂತೆ ಹೇಳಿ. ಒಂದು ಸಲ ಹೇಳಿದರೆ ಸಾಲದು. ಅಡುಗೆಮನೆಯಲ್ಲಿ ಜನ ಬದಲಾಗುತ್ತಾರೆ, ಪ್ರತಿ ಸಲ ಹೇಳಬೇಕು.

ತಂದ ಚಿಪ್ಪನ್ನು ಕನಿಷ್ಠ 6 ತಿಂಗಳು ಬಯಲಲ್ಲಿ ಹರಡಿ ಬಿಸಿಲು ಮಳೆಗೆ ಬಿಡಿ, ಆಗಾಗ ತಿರುವಿ ಹಾಕಿ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಹೋಟೆಲಿನ ಸಿಂಪಿ ಬೇರೆ ಯಾವುದೋ ರಾಜ್ಯದ ನೀರಿನದಿರಬಹುದು, ಅಂಟಿಕೊಂಡ ಮಾಂಸದ ಚೂರಿನಲ್ಲಿ ಅಲ್ಲಿನ ರೋಗಾಣು ಇದ್ದರೆ ನಮ್ಮ ನೀರಿನ ಸಿಂಪಿಗೂ ಅದು ಹರಡುತ್ತದೆ, ಆಗ ನಾವು ಮಾಡಿದ್ದು ಉಪಕಾರವಲ್ಲ, ಅಪಕಾರ. ನ್ಯೂಯಾರ್ಕಿನಲ್ಲಿ ಇದೇ ಕೆಲಸಕ್ಕೆ 2014ರಲ್ಲಿ ಶುರುವಾದ ಬಿಲಿಯನ್ ಆಯ್ಸ್ಟರ್ ಪ್ರಾಜೆಕ್ಟ್ ಎಂಬ ಸಂಸ್ಥೆಯವರು ಒಂದು ವರ್ಷವೇ ಒಣಗಿಸುತ್ತಾರೆ. ಜೊತೆಗೆ ಕೆಲಸಕ್ಕೆ ಬರುವ ಶಾಲಾ ಮಕ್ಕಳಿಗೆ ಇದನ್ನು ವಿವರಿಸಿ ಹೇಳಿದರೆ ದೊಡ್ಡವರಿಗಿಂತ ಬೇಗ ಒಪ್ಪಿಕೊಳ್ಳುತ್ತಾರೆ.

ಒಣಗಿದ ಚಿಪ್ಪನ್ನು ಬಲೆಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ. ಒಬ್ಬರು ಪೈಪಿಗೆ ಬಲೆ ಹಾಕಿ ಹಿಡಿದುಕೊಂಡು ಇನ್ನೊಬ್ಬರು ಸುರಿದರೆ ಕೆಲಸ ಸುಲಭ. ಪ್ಲಾಸ್ಟಿಕ್ ಬಲೆ ಬೇಡ ಅಂದರೆ ಹಳೆಯ ಏಡಿ ಬೋನಿಗೆ ಸಿಮೆಂಟ್ ಬಳಿದು ಇಡುವುದೂ ಉಂಟು, ನನಗೆ ಅದೇ ಇಷ್ಟ.

ಜಾಗದ ಆಯ್ಕೆ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಇಳಿತದ ಹೊತ್ತಿಗೆ ಹೋಗಿ ನಡೆದು ನೋಡಿ. ಕಾಲು ಮೊಣಕಾಲಿನವರೆಗೆ ಹೂತುಹೋದರೆ ಚೀಲವೂ ಹೂತುಹೋಗುತ್ತದೆ. ನಮ್ಮ ಮೊದಲ ಸಾಲು ಹಾಗೇ ಆಯಿತು, ಕೆಲವೇ ತಿಂಗಳಲ್ಲಿ ಅರ್ಧ ಚೀಲ ಕೆಸರೊಳಗೆ. ಕೈ ಕುಯ್ದುಕೊಂಡು ಆ ಚೀಲ ಹೊತ್ತಿದ್ದ ಮಕ್ಕಳ ಮುಖ ನೋಡಲಾಗಲಿಲ್ಲ. ಹತ್ತಿರದಲ್ಲಿ ತಾನಾಗಿ ಹುಟ್ಟಿದ ಸಿಂಪಿ ಎಲ್ಲಿ, ಎಷ್ಟು ಎತ್ತರದಲ್ಲಿ ಬೆಳೆದಿದೆ ನೋಡಿ ಅದೇ ಮಟ್ಟದಲ್ಲಿ ದಡಕ್ಕೆ ಸಮಾನಾಂತರವಾಗಿ ಚೀಲಗಳನ್ನು ಒತ್ತೊತ್ತಾಗಿ ಜೋಡಿಸಿ, ಕಬ್ಬಿಣದ ಸರಳು ಚುಚ್ಚಿ ನಿಲ್ಲಿಸಿ. ಮರಿಗಳು ತೇಲಾಡುವುದು ಬೇಸಿಗೆಯಲ್ಲಿ, ಅದಕ್ಕೆ ಸ್ವಲ್ಪ ಮುಂಚೆ ಕೆಲಸ ಮುಗಿಸಿ. ದಪ್ಪ ಅಡಿಯ ಶೂ, ಗ್ಲೌಸ್ ಕಡ್ಡಾಯ. ಬೆಚ್ಚಗಿನ ಉಪ್ಪುನೀರಿನಲ್ಲಿ ಸಣ್ಣ ಗಾಯವೂ ಅಪಾಯ, ತೆರೆದ ಗಾಯ ಇದ್ದವರನ್ನು ನೀರಿಗಿಳಿಸಬೇಡಿ.

ಶಾಲೆಗೆ ಹೋದಾಗ ಭಾಷಣ ಬೇಡ. ಒಂದೇ ಉಪ್ಪುನೀರಿನ ಹೊಳೆಯ ಕದಡಿದ ನೀರನ್ನು ಎರಡು ಗಾಜಿನ ತೊಟ್ಟಿಗೆ ತುಂಬಿ, ಒಂದರಲ್ಲಿ ಜೀವಂತ ಸಿಂಪಿ ಇಡಿ. ತರಗತಿ ಮುಗಿಯುವಷ್ಟರಲ್ಲಿ ಸಿಂಪಿಯ ತೊಟ್ಟಿ ತಿಳಿಯಾಗುತ್ತಾ ಬರುತ್ತದೆ. ಎಲ್ಲ ಅನುಕೂಲವಿದ್ದರೆ ದೊಡ್ಡ ಸಿಂಪಿಯೊಂದು ದಿನಕ್ಕೆ 190 ಲೀಟರಿನವರೆಗೆ ನೀರು ಸೋಸುತ್ತದೆ ಅಂತ ಆಮೇಲೆ ಹೇಳಿ, ನಂಬುತ್ತಾರೆ.

ಉಳ್ಳಾಲ, ಮರವಂತೆಯ ಕಡಲ್ಕೊರೆತ ನೋಡಿದವರು ಅಲ್ಲೂ ಮಾಡಬಹುದಲ್ವಾ ಅಂತ ಕೇಳುತ್ತಾರೆ. ತೆರೆದ ಕಡಲಿನ ಮಳೆಗಾಲದ ಅಲೆಗೆ ಈ ಚೀಲಗಳು ನಿಲ್ಲುವುದಿಲ್ಲ. ಇದು ಅಳಿವೆಯೊಳಗಿನ, ಹಿನ್ನೀರಿನ ಶಾಂತ ದಡಕ್ಕೆ ಹೊಂದುವ ಕೆಲಸ.

ವರ್ಷ ಕಳೆದ ಮೇಲೆ ಅದೇ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಚೀಲ ಬಿಚ್ಚಿ. ಬಿಳಿಚಿದ ಹಳೆ ಚಿಪ್ಪಿನ ಮೇಲೆ ಹೊಸ ಸಿಂಪಿಗಳು ಕಚ್ಚಿಕೊಂಡಿರುತ್ತವೆ, ಕೆಲವು ಉಗುರಿನಷ್ಟು, ಕೆಲವು ಹೆಬ್ಬೆರಳಿನಷ್ಟು, ಅಂಚು ಬ್ಲೇಡಿನ ಹಾಗೆ. ಸ್ಕೇಲ್ ಹಿಡಿದು ಅಳೆಯಿರಿ, ಎಣಿಸಿ, ಬರೆದಿಡಿ. ಸಂದಿಯಿಂದ ಏಡಿ, ಸಿಗಡಿ ಉದುರಿದರೆ ಒದ್ದೆ ಬಕೆಟ್ಟಿನಲ್ಲಿ ಹಾಕಿಟ್ಟು, ಎಣಿಕೆ ಮುಗಿದ ಕೂಡಲೇ ಅಲ್ಲೇ ಬಿಡಿ.